ಇಲಿ ಬಿದ್ದ ಸುದ್ದಿ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ “ಇಲಿ ಬಿತ್ತು” ಎಂಬ ಎರಡು ಮಾತಿಗೆ ಒಂದು ಕಾಲದಲ್ಲಿ ಇದ್ದ ಅರ್ಥವನ್ನು ಇಂದಿನ ಓದುಗರಿಗೆ ಬಿಡಿಸಿಯೇ ಹೇಳಬೇಕಾಗಿದೆ. ಅದು ಬೋನಿಗೆ ಬಿದ್ದ ಇಲಿಯಲ್ಲ. ಅಟ್ಟದ ಮೇಲಿಂದಲೋ, ಸೂರಿನ ಸಂದಿಯಿಂದಲೋ, ಕಣಜದ ಮಗ್ಗುಲಿನಿಂದಲೋ ಅಮಲೇರಿದಂತೆ ತೂರಾಡುತ್ತ ಹಗಲುಹೊತ್ತಿನಲ್ಲಿಯೇ ಹೊರಬಂದು, ಮನುಷ್ಯರ ಅಂಜಿಕೆಯನ್ನೂ ಮರೆತು, ನಡುಮನೆಯಲ್ಲಿ ಗಿರ್ರನೆ ಒಂದು ಸುತ್ತು ತಿರುಗಿ ಸಾಯುವ ಇಲಿ. ಅದನ್ನು ಕಂಡ ಮನೆಯ ಹೆಂಗಸು ಒಲೆಯ ಮೇಲಿದ್ದುದನ್ನು ಇಳಿಸಿ, ಮಕ್ಕಳನ್ನು ಹೊರಕ್ಕೆಳೆದು ಬೀದಿಗೆ ಬಂದು ಒಂದು ಕೂಗು ಹಾಕಿದಳೆಂದರೆ, ಸಂಜೆಯೊಳಗೆ ಊರಿಗೆ ಊರೇ ಪಾತ್ರೆಪಡಗ, ಬೀಸುವ ಕಲ್ಲು, ದನಕರುಗಳೊಡನೆ ಹೊಲಕ್ಕೋ ತೋಪಿಗೋ ಸಾಗಿ, ಸೋಗೆಯ ಗುಡಿಸಲು ಹಾಕಿಕೊಳ್ಳಲು ತೊಡಗುತ್ತಿತ್ತು. ಸರ್ಕಾರದ ಆಜ್ಞೆಯಾಗಲಿ, ತಂತಿಯಾಗಲಿ, ಪತ್ರಿಕೆಯಾಗಲಿ ಬರುವುದಕ್ಕೆ ಮುನ್ನವೇ ಸುದ್ದಿ ತಲುಪಿರುತ್ತಿತ್ತು. ತಾನು ಸತ್ತು ಸುದ್ದಿ ಕೊಡುವ ವರದಿಗಾರನನ್ನು ಇಲಿಯ ಹೊರತು ಬೇರೆಲ್ಲಿಯೂ ನಾನು ಕಾಣೆ.

ಪ್ಲೇಗು ಎಂಬ ಈ ಬೇನೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅದು ಕಾಣಿಸಿಕೊಂಡಾಗ ಅಲೆಕ್ಸಾಂಡರ್ ಯರ್ಸಿನ್ ಎಂಬ ವೈದ್ಯನು ರೋಗಾಣುವನ್ನು ಗುರುತಿಸಿದನು. 1896ರಲ್ಲಿ ಮುಂಬಯಿಯ ಮಾಂಡವಿ ಬಂದರಿನ ಓಣಿಗಳಲ್ಲಿ ಅದು ಬೀಡುಬಿಟ್ಟಿತು. ಹಡಗು ರೈಲುಗಳನ್ನೇ ವಾಹನ ಮಾಡಿಕೊಂಡು ಅದು ಒಂದು ಕಡೆ ಹುಬ್ಬಳ್ಳಿಯ ಮೇಲೆ 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ, ಇನ್ನೊಂದು ಕಡೆ ಎರಡು ಮೂರು ವರ್ಷಗಳೊಳಗಾಗಿ ಸಿಡ್ನಿ, ಸ್ಯಾನ್ ಫ್ರಾನ್ಸಿಸ್ಕೊ, ಕೇಪ್‌ಟೌನುಗಳಿಗೂ ಹೋಯಿತು. ಭಾರತವೊಂದರಲ್ಲಿಯೇ ಮುಂದಿನ ಕೆಲವು ದಶಕಗಳಲ್ಲಿ ಸತ್ತವರು ಒಂದು ಕೋಟಿಗೂ ಮೀರಿದರು. ಸತ್ತ ಇಲಿಯ ಮೈ ತಣ್ಣಗಾದೊಡನೆ ಅದನ್ನು ಬಿಟ್ಟು ಮನುಷ್ಯನ ಮೈಗೆ ಹಾರುವ ಚಿಗಟವೇ ರೋಗದ ದೂತನೆಂಬುದನ್ನು ಪಾಲ್ ಲೂಯಿ ಸಿಮಾನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಹಿಡಿದದ್ದು ಅದೇ 1898ರಲ್ಲಿ. ವಿದ್ವಾಂಸರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಇಲಿ ಬಿದ್ದ ಮನೆಯನ್ನು ಒಡನೆಯೇ ಬಿಡಬೇಕೆಂಬ ಹಳ್ಳಿಯ ಹೆಂಗಸಿನ ತೀರ್ಮಾನಕ್ಕೆ ಮಾತ್ರ ಆ ಒಪ್ಪಿಗೆಯ ಅಗತ್ಯವಿರಲಿಲ್ಲ.

ಈ ಸುದ್ದಿಯನ್ನು ಪತ್ರಿಕೆಗಳು ಹೇಗೆ ಹೇಳಿದುವು, ಸಾಹಿತ್ಯವು ಹೇಗೆ ಹೇಳಿತು ಎಂಬುದನ್ನು ಜೊತೆಯಿಟ್ಟು ನೋಡಿದರೆ ಮೊದಲು ತೋರುವ ವ್ಯತ್ಯಾಸ ಕಾಲದ್ದು. ಪತ್ರಿಕೆ ಅಂದೇ ಹೇಳಬೇಕು, ಕಾದಂಬರಿ ಅರ್ಧ ಶತಮಾನ ಕಾಯಬಲ್ಲುದು. ಆದರೆ ಅವೆರಡೂ ನಾವು ತಿಳಿದಷ್ಟು ದೂರದ ನೆಂಟರಲ್ಲ. 1897ರ ಪುಣೆಯಲ್ಲಿ ಅವು ಒಂದೇ ಹಾಳೆಯ ಮೇಲೆ ಕೂಡಿದ್ದುವು. ಆ ವರ್ಷದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಸೋಜರುಗಳು ಮನೆಮನೆಗೆ ನುಗ್ಗಿ, ದೇವರ ಕೋಣೆ ಅಡಿಗೆಮನೆಗಳೆನ್ನದೆ ಶೋಧಿಸಿ, ಸೋಂಕು ತಗಲಿತೆಂದು ಕಂಡವರನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಕ್ಯಾಂಪಿಗೂ ಸಾಗಿಸುತ್ತಿದ್ದರು. ಟಿಳಕರ ‘ಕೇಸರಿ’ ಪತ್ರಿಕೆ ಅದನ್ನು ತೀಕ್ಷ್ಣವಾಗಿ ಟೀಕಿಸಿತು. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡನ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸಿದ ಮೇಲೆ ಸರ್ಕಾರವು ಟಿಳಕರ ಮೇಲೆ ರಾಜದ್ರೋಹದ ಮೊಕದ್ದಮೆಯನ್ನು ಹೂಡಿತು. ಹದಿನೆಂಟು ತಿಂಗಳ ಸಜೆಯೂ ಆಯಿತು. ಸ್ವಾರಸ್ಯವೇನೆಂದರೆ, ನ್ಯಾಯಾಲಯದಲ್ಲಿ ಮುಖ್ಯವಾಗಿ ವಿಚಾರಣೆಗೆ ಒಳಗಾದ ಬರಹಗಳಲ್ಲಿ ಒಂದು ಪ್ಲೇಗಿನ ವರದಿಯಲ್ಲ, ಅಗ್ರಲೇಖನವೂ ಅಲ್ಲ. ಶಿವಾಜಿಯು ಎಚ್ಚತ್ತು ಬಂದು ತನ್ನ ನಾಡಿನ ದುರವಸ್ಥೆಯನ್ನು ಕಂಡು ಮರುಗುವ ಒಂದು ಪದ್ಯ. ವರದಿಗೆ ಹೇಳಲು ಬಾರದುದನ್ನು ಪದ್ಯ ಹೇಳಿಬಿಟ್ಟೀತೆಂಬ ಭಯ ಸರ್ಕಾರಕ್ಕಿದ್ದಷ್ಟು ನಮ್ಮ ವಿಮರ್ಶಕರಿಗೆ ಇದ್ದಂತೆ ಕಾಣದು.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳವು, ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿದ್ದರು. ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಸುಣ್ಣ ಬಳಿಸುವುದು, ರೈಲುನಿಲ್ದಾಣದಲ್ಲಿ ಇಳಿದವರ ಕಂಕುಳನ್ನೂ ತೊಡೆಸಂದನ್ನೂ ಒತ್ತಿ ನೋಡುವುದು, ಕ್ಯಾಂಪುಗಳಲ್ಲಿ ತಡೆದಿಡುವುದು, ಇವೆಲ್ಲ ಇಲ್ಲಿಯೂ ನಡೆದುವು. ಮುಂಬಯಿಯಲ್ಲಿ ಆಸ್ಪತ್ರೆಗೆ ಹೋದವರನ್ನು ಕೊಂದು ತೈಲ ಇಳಿಸುತ್ತಾರೆಂಬ ವದಂತಿ ಹಬ್ಬಿದ್ದಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರಲ್ಲಿ ಪ್ಲೇಗ್ ನಿಬಂಧನೆಗಳ ವಿರುದ್ಧ ದಂಗೆಯೇ ಎದ್ದಿತು. ದಂಗೆ ಎಂಬುದನ್ನು ಸರ್ಕಾರಿ ವರದಿಗಳು ಅಜ್ಞಾನದ ಲೆಕ್ಕಕ್ಕೆ ಬರೆದುಕೊಳ್ಳುವುದು ರೂಢಿ. ತನ್ನ ಹೆಂಡತಿಯ ಮೈಯನ್ನು ಪರಪುರುಷನು ರೈಲುಕಟ್ಟೆಯ ಮೇಲೆ ಮುಟ್ಟಿ ನೋಡುವುದನ್ನು ಸಹಿಸದವನನ್ನು ಅಜ್ಞಾನಿಯೆನ್ನಲು ನನ್ನ ಬಾಯಿ ಬಾರದು.

ಸುದ್ದಿಗೂ ಸಾಹಿತ್ಯಕ್ಕೂ ಇರುವ ಈ ನಂಟು ಇನ್ನೂ ಹಳೆಯದು. ಲಂಡನ್ನಿನಲ್ಲಿ 1665ರ ಮಹಾಪ್ಲೇಗಿನ ಕಾಲಕ್ಕೆ ಇಂದಿನಂಥ ಪತ್ರಿಕೆಗಳಿರಲಿಲ್ಲ. ಪ್ರತಿ ವಾರವೂ ಚರ್ಚುವಾರಾಗಿ ಸತ್ತವರ ಲೆಕ್ಕವನ್ನು ಅಚ್ಚು ಹಾಕಿ ಮಾರುತ್ತಿದ್ದ ಮರಣಪಟ್ಟಿಗಳೇ ಜನರಿಗೆ ಸುದ್ದಿ. ಆ ಪ್ಲೇಗನ್ನು ಕುರಿತು ಇಂಗ್ಲಿಷ್ ಲೇಖಕ ಡೇನಿಯಲ್ ಡೀಫೊ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1722ರಲ್ಲಿ. ಪ್ಲೇಗಿನ ವರ್ಷ ಅವನು ಸುಮಾರು ಐದು ವರ್ಷದ ಬಾಲಕ. ಐವತ್ತೇಳು ವರ್ಷ ಸುಮ್ಮನಿದ್ದ ವಿಷಯ ಆಗ ಏಕೆ ನೆನಪಾಯಿತೆಂದರೆ, 1720ರಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಿಗೆ ಪ್ಲೇಗು ಬಂದು, ಅದರ ಸುದ್ದಿಯು ಲಂಡನ್ನಿನ ಎದೆಯನ್ನು ನಡುಗಿಸಿದ್ದಿತು. ಡೀಫೊ ಮೊದಲೇ ಪತ್ರಿಕಾಕರ್ತ, ಸುದ್ದಿಯ ಗಾಳಿ ಎತ್ತ ಬೀಸುವುದೆಂದು ಬಲ್ಲವನು. ಊರನ್ನು ಬಿಡದೆ ಉಳಿದ ಒಬ್ಬ ಜೀನುಗಾರ ವ್ಯಾಪಾರಿಯ ಬಾಯಿಂದ ಕಥೆಯನ್ನು ಹೇಳಿಸುತ್ತ, ನಡುನಡುವೆ ಮರಣಪಟ್ಟಿಯ ಅಂಕಿಗಳನ್ನು ಹಾಗೆಹಾಗೆಯೇ ಇಟ್ಟುಬಿಡುತ್ತಾನೆ. ಇಟ್ಟು, ಮರುಪುಟದಲ್ಲಿ ಅವನ್ನು ನಂಬಬೇಡಿರೆನ್ನುತ್ತಾನೆ: ಮನೆಗೆ ಬೀಗ ಜಡಿದಾರೆಂಬ ಭಯದಿಂದ ಜನರು ಪ್ಲೇಗಿನ ಸಾವನ್ನು ಬೇರೆ ಜ್ವರಗಳ ಹೆಸರಿನಲ್ಲಿ ಬರೆಸುತ್ತಿದ್ದರಂತೆ. ಅಂದಿನ ಅಧಿಕಾರಿಗಳು ನಾಯಿ ಬೆಕ್ಕುಗಳನ್ನೆಲ್ಲ ಕೊಲ್ಲಿಸಿದ ಸಂಗತಿಯೂ ಅಲ್ಲಿದೆ. ಇಲಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಪುರಸಭೆ ಮಾಡೀತು!

ಫ್ರೆಂಚ್ ಲೇಖಕ ಕಾಮೂ ಪ್ಲೇಗನ್ನು ಕುರಿತು ಬರೆದ ಕಾದಂಬರಿ 1947ರದು. ಅಲ್ಜೀರಿಯದ ಓರಾನ್ ಪಟ್ಟಣದಲ್ಲಿ ಒಬ್ಬ ವೈದ್ಯನು ಬೆಳಗ್ಗೆ ಮನೆಯಿಂದ ಹೊರಡುವಾಗ ಮೆಟ್ಟಿಲ ಬಳಿ ಅವನ ಕಾಲಿಗೆ ಒಂದು ಸತ್ತ ಇಲಿ ತೊಡರುತ್ತದೆ. ಕಾವಲುಗಾರನು, ಮನೆಯಲ್ಲಿ ಇಲಿಗಳೇ ಇಲ್ಲ, ಯಾರೋ ಹುಡುಗರು ಹೊರಗಿನಿಂದ ತಂದು ಹಾಕಿದ್ದಾರೆಂದು ಹಟ ಹಿಡಿಯುತ್ತಾನೆ. ನಮ್ಮ ಹಳ್ಳಿಯವರು ಓದಿದ್ದರೆ ಅಯ್ಯೋ ಮಂಕೇ ಎಂದಾರು. ಮುಂದೆ ಒಂದೊಂದು ದಿನಕ್ಕೆ ಸಾವಿರಗಟ್ಟಲೆ ಇಲಿಗಳನ್ನು ಬಾಚಿ ಸುಡುವ ಕಾಲ ಬಂದಾಗ ಊರಿನ ಪತ್ರಿಕೆಗಳು ಗದ್ದಲವೆಬ್ಬಿಸುತ್ತವೆ. ಇಲಿಗಳು ಸಾಯುವುದು ನಿಂತು ಮನುಷ್ಯರು ಸಾಯತೊಡಗಿದಾಗ ಸುಮ್ಮನಾಗುತ್ತವೆ. ಇಲಿ ಬೀದಿಯಲ್ಲಿ ಸಾಯುತ್ತದೆ, ಮನುಷ್ಯ ಮನೆಯೊಳಗೆ ಸಾಯುತ್ತಾನೆ, ಪತ್ರಿಕೆಯ ಕಣ್ಣು ಬೀದಿಯದು ಎಂಬ ಭಾವ ಅಲ್ಲಿ ಬರುತ್ತದೆ. ‘ಕೊಂಬಾ’ ಎಂಬ ಪತ್ರಿಕೆಯನ್ನು ಯುದ್ಧಕಾಲದಲ್ಲಿ ತಾನೇ ನಡೆಸಿದವನು ಬರೆದುದರಿಂದ ಇದನ್ನು ಹೊರಗಿನವನ ನಿಂದೆಯೆಂದು ತಳ್ಳಿಹಾಕುವಂತಿಲ್ಲ. ಪ್ಲೇಗಿಗಾಗಿಯೇ ಹುಟ್ಟಿದ ಒಂದು ಪತ್ರಿಕೆ ಕೆಲವೇ ದಿನಗಳಲ್ಲಿ ಪ್ಲೇಗು ನಿವಾರಕ ಔಷಧಗಳ ಜಾಹೀರಾತಿನ ಹಾಳೆಯಾಗುವ ಪ್ರಸಂಗವೂ ಅದರಲ್ಲಿದೆ. ಆದರೂ ಒಂದು ಕೊರತೆಯನ್ನು ಹೇಳದಿರಲಾರೆ. ಕಥೆಯ ಮೊದಲಿಗೆ ಪ್ಯಾರಿಸಿನಿಂದ ಬಂದ ಒಬ್ಬ ಪತ್ರಿಕಾ ವರದಿಗಾರನು ಅರಬ್ಬರ ಜೀವನಸ್ಥಿತಿಯನ್ನು ವಿಚಾರಿಸುತ್ತಾನೆ. ಆಮೇಲೆ ಊರ ಬಾಗಿಲು ಮುಚ್ಚುತ್ತದೆ, ಅರಬ್ಬರ ವಿಷಯವೂ ಅಲ್ಲಿಗೇ ಮುಚ್ಚಿಹೋಗುತ್ತದೆ. ಆ ಊರಿನ ಮೂಲನಿವಾಸಿಗಳು ಯಾವ ಮನೆಗಳಲ್ಲಿ, ಯಾವ ಹೆಸರಿನಿಂದ ಸತ್ತರೋ, ಪತ್ರಿಕೆಯೂ ಹೇಳಲಿಲ್ಲ, ಕಾದಂಬರಿಯೂ ಹೇಳಲಿಲ್ಲ.

ಹಾಗೆ ಹೆಸರಿಲ್ಲದೆ ಸಾಯುವವರ ಪರವಾಗಿ ಒಬ್ಬರೇ ಎರಡು ರೀತಿಯಲ್ಲಿ ಬರೆದ ಉದಾಹರಣೆ ಗಾಂಧೀಜಿಯವರದು. 1904ರಲ್ಲಿ ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಯೊಂದರಲ್ಲಿ ದುಡಿಯುತ್ತಿದ್ದ 23 ಮಂದಿ ಭಾರತೀಯರು ಒಂದೇ ಸಂಜೆ ರೋಗ ಹೊತ್ತು ತಮ್ಮ ವಠಾರಕ್ಕೆ ಬಂದರು. ‘ಇಂಡಿಯನ್ ಒಪೀನಿಯನ್’ ಪತ್ರಿಕೆಗೆ ಚಂದಾ ಎತ್ತಲು ಅಲ್ಲಿಗೆ ಹೋಗಿದ್ದ ಮದನಜಿತರು ಖಾಲಿ ಮನೆಯೊಂದರ ಬೀಗವನ್ನು ಒಡೆದು ಅವರನ್ನು ಮಲಗಿಸಿ ಗಾಂಧೀಜಿಗೆ ಚೀಟಿ ಕಳುಹಿಸಿದರು. ಗಾಂಧೀಜಿ ಶುಶ್ರೂಷೆಗೆ ನಿಂತರು; ವೈದ್ಯರ ಅನುಮತಿಯಿಂದ ಮೂವರಿಗೆ ಬ್ರಾಂದಿ ನಿಲ್ಲಿಸಿ ತಲೆಗೂ ಎದೆಗೂ ಒದ್ದೆ ಮಣ್ಣಿನ ಪಟ್ಟಿ ಕಟ್ಟಿದರು, ಅವರಲ್ಲಿ ಇಬ್ಬರು ಬದುಕಿದರು. ಆ ದಿನಗಳಲ್ಲಿಯೇ, ಈ ರೋಗಕ್ಕೆ ಪುರಸಭೆಯ ಅಲಕ್ಷ್ಯವೇ ಹೊಣೆಯೆಂದು ಪತ್ರಿಕೆಗೆ ಕಟುವಾದ ಕಾಗದವನ್ನು ಬರೆದರು. ಇಪ್ಪತ್ತು ವರ್ಷಗಳ ತರುವಾಯ ಆತ್ಮಕಥೆಯಲ್ಲಿ ಅದೇ ಪ್ರಸಂಗ ಬಂದಾಗ ಪುರಸಭೆ ಹಿಂದಕ್ಕೆ ಸರಿದು, ಬೀಗ ಒಡೆದ ಕೈ, ಮಣ್ಣಿನ ಪಟ್ಟಿ, ತಾನೂ ರೋಗ ತಗಲಿ ಸತ್ತ ದಾದಿ ಮುಂದಕ್ಕೆ ಬರುತ್ತಾರೆ. ಅಂದು ಆ ಕಾಗದವೇ ಬೇಕಾಗಿತ್ತು; ಇಂದು ನಾವು ಓದುವುದು ಈ ಅಧ್ಯಾಯವನ್ನು.

ಕನ್ನಡದಲ್ಲಿ ಈ ಬೇನೆ ಕಾದಂಬರಿಯ ನಡುಮನೆಗೆ ಬಲವಾಗಿ ಕಾಲಿಟ್ಟದ್ದು ಊರುಗಳಲ್ಲಿ ಅದರ ಕಾಟ ನಿಂತಮೇಲೆಯೇ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದಿತು. ದೂರ್ವಾಸಪುರದ ಅಗ್ರಹಾರದಲ್ಲಿ ಇಲಿಗಳು ಬೀಳುತ್ತವೆ, ಹದ್ದುಗಳು ಮನೆಗಳ ಮೇಲೆ ಇಳಿಯುತ್ತವೆ; ಬ್ರಾಹ್ಮಣರು ಇದನ್ನು ಸಂಸ್ಕಾರವಾಗದೆ ಕೊಳೆಯುತ್ತಿರುವ ನಾರಣಪ್ಪನ ಹೆಣದ ಫಲವೆಂದು ತಿಳಿದು, ಶಂಖ ಜಾಗಟೆ ಬಾರಿಸಿ ಹದ್ದುಗಳನ್ನು ಅಟ್ಟುತ್ತಾರೆ. ಶಾಸ್ತ್ರದ ಪುಟಗಳಲ್ಲಿ ಉತ್ತರವನ್ನು ಹುಡುಕುವವರಿಗೆ ಕಣ್ಣೆದುರಿನ ಇಲಿಯನ್ನು ಓದಲು ಬಾರದು. ಪ್ಲೇಗು ಎಂಬ ಮಾತು ಅಲ್ಲಿಗೆ ಬರುವುದು ಪಕ್ಕದ ಪಾರಿಜಾತಪುರದ, ಪತ್ರಿಕೆ ಓದುವ ಮಂಜಯ್ಯನವರ ಕಡೆಯಿಂದ. ಚಿಕ್ಕ ಸಂಗತಿಯೆಂದು ಬಹಳ ಮಂದಿ ಇದನ್ನು ದಾಟಿಹೋಗುತ್ತಾರೆ. ನನಗೆ ಮಾತ್ರ, ಪತ್ರಿಕೆಯಿಂದ ಕಾದಂಬರಿಯು ಎರವು ತಂದ ಆ ಒಂದು ಶಬ್ದವಿಲ್ಲದಿದ್ದರೆ ಕಥೆಯ ಅಷ್ಟೂ ಧರ್ಮಜಿಜ್ಞಾಸೆಗೆ ಈ ಕಹಿ ರುಚಿ ಬರುತ್ತಿರಲಿಲ್ಲವೆಂದು ತೋರುತ್ತದೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಚಲನಚಿತ್ರವಾಗಿಸಿದಾಗ ಸೆನ್ಸಾರಿನವರು ಮೊದಲು ತಡೆದು ಕಡೆಗೆ ಬಿಟ್ಟರು, ರಾಷ್ಟ್ರಪ್ರಶಸ್ತಿಯೂ ಬಂದಿತು.

ಅದೇ 1970ರ, ಭೈರಪ್ಪನವರ ‘ಗೃಹಭಂಗ’ದ ಜನಕ್ಕೆ ಇಲಿಯನ್ನು ಓದಲು ಬರುತ್ತದೆ. ಅವರು ಊರು ಬಿಡುತ್ತಾರೆ, ಶೆಡ್ಡು ಹಾಕಿಕೊಳ್ಳುತ್ತಾರೆ, ಎಲ್ಲವನ್ನೂ ರೂಢಿಯಂತೆ ಮಾಡುತ್ತಾರೆ. ಆದರೂ ನಂಜಮ್ಮನ ಬೆಳೆದ ಮಗಳನ್ನೂ ಮಗನನ್ನೂ ಬೇನೆ ಒಯ್ಯುತ್ತದೆ. ಈ ನಂಜಮ್ಮ ಯಾರು? ಕೈಲಾಗದ ಗಂಡನ ಬದಲು ಶ್ಯಾನುಭೋಗಿಕೆಯ ಲೆಕ್ಕಗಳನ್ನು ತಾನು ಬರೆದು ಸಂಸಾರವನ್ನು ತೂಗಿಸಿದ ಹೆಂಗಸು. ಡೀಫೊವಿನ ಮರಣಪಟ್ಟಿಗೂ, ಸಂಸ್ಥಾನದ ಪ್ಲೇಗ್ ವರದಿಗೂ ಅಂಕಿಗಳು ಹುಟ್ಟಿ ಬರುವುದು ಇಂಥ ಯಾವುದೋ ಊರಿನ, ಇಂಥ ಯಾರದೋ ಕೈಬರಹದಿಂದ. ಆ ಬರೆಯುವ ಕೈಯನ್ನೇ ತಾಯಿಯ ಕೈಯಾಗಿಸಿ, ಅದರ ಮುಂದೆ ಎರಡು ಹೆಣಗಳನ್ನು ಇಟ್ಟ ಕಾದಂಬರಿಕಾರರು ಬಾಲ್ಯದಲ್ಲಿ ಪ್ಲೇಗನ್ನು ತಮ್ಮ ಮನೆಯೊಳಗೇ ಕಂಡವರೆಂಬುದು ಓದುಗರಿಗೆ ತಿಳಿದ ವಿಷಯವೇ.

ಬೆಂಗಳೂರು ಈ ಕಥೆಯನ್ನು ನೆಲದ ಮೇಲೆ ಬರೆದಿಟ್ಟಿದೆ. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಬೆಳೆಸಿದ ಮಲ್ಲೇಶ್ವರ ಬಸವನಗುಡಿಗಳಲ್ಲಿ ಬೀದಿಗಳು ನೆಟ್ಟಗಿವೆ, ಮನೆಗಳ ಬೆನ್ನಿಗೆ ಬೆನ್ನು ತಾಗದಂತೆ ನಡುವೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳಿವೆ. ಅವುಗಳಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತವೆ. ಹಳೆಯ ಬಡಾವಣೆಗಳಲ್ಲಿ ಅಲ್ಲಲ್ಲಿ ಸಣ್ಣ ಗುಡಿಗಳಿವೆ. ನಮ್ಮವರಿಗೆ ಸಿಡುಬಿಗೂ ಬೇರೆ ಬೇನೆಗಳಿಗೂ ಹಿಂದಿನಿಂದ ಬಂದ ಅಮ್ಮಂದಿರಿದ್ದರು, ಈ ಹೊಸ ಬೇನೆಗೆ ಹೆಸರಿರಲಿಲ್ಲ. ಸರ್ಕಾರದ ಜಾಹೀರುನಾಮೆಯೂ ಪತ್ರಿಕೆಯೂ ತಂದ ಇಂಗ್ಲಿಷ್ ಶಬ್ದವನ್ನೇ ದೇವಿಗೆ ಕೊಟ್ಟು ಪ್ಲೇಗಮ್ಮನೆಂದೂ ಪ್ಲೇಗ್ ಮಾರಮ್ಮನೆಂದೂ ಕರೆದರು. ಮಂಗಳವಾರ ಶುಕ್ರವಾರಗಳಲ್ಲಿ ಅರಿಸಿನ ಕುಂಕುಮ ನಿಂಬೆಹಣ್ಣುಗಳನ್ನು ಹಿಡಿದು ಬರುವ ಹೆಂಗಸರಿಗೆ ಆ ಹೆಸರು ಎಲ್ಲಿಂದ ಬಂದದ್ದೆಂಬುದು ನೆನಪಿಲ್ಲ. ಮಕ್ಕಳ ಜ್ವರ ಇಳಿಯಲೆಂದು ಹರಸಿಕೊಂಡು, ತೀರ್ಥ ತೆಗೆದುಕೊಂಡು ಹೋಗುತ್ತಾರೆ.