ಗೃಹಸಾಲದಲ್ಲಿ ಮನೆ ಖರೀದಿ: ಬ್ಯಾಂಕಿನ ಒಪ್ಪಿಗೆಯೇ ಹಕ್ಕಿನ ಖಾತರಿಯಲ್ಲ

ಬೆಂಗಳೂರು: ‘ಬ್ಯಾಂಕ್ ಸಾಲ ಕೊಡಲು ಒಪ್ಪಿದೆ ಎಂದಮೇಲೆ ದಾಖಲೆಗಳು ಸರಿಯಾಗಿಯೇ ಇರಬೇಕು’ ಎಂಬುದು ಮನೆ ಕೊಳ್ಳುವವರಲ್ಲಿ ಸಾಮಾನ್ಯವಾಗಿರುವ ನಂಬಿಕೆ. ಕಾನೂನಿನಲ್ಲಿ ಈ ನಂಬಿಕೆಗೆ ಆಧಾರವಿಲ್ಲ. ಕೊಂಡ ಮನೆಯ ಹಕ್ಕು ಮುಂದೊಂದು ದಿನ ನ್ಯಾಯಾಲಯದಲ್ಲಿ ಬಿದ್ದುಹೋದರೂ ಸಾಲದ ಕಂತು ತಾನಾಗಿ ನಿಲ್ಲುವುದಿಲ್ಲ. ಹತ್ತಿಪ್ಪತ್ತು ವರ್ಷಗಳ ಋಣಕ್ಕೆ ಸಹಿ ಹಾಕುವ ಮುನ್ನ ಖರೀದಿದಾರರಲ್ಲಿ ಮೂಡುವ ಪ್ರಮುಖ ಪ್ರಶ್ನೆಗಳು ಹಾಗೂ ಅವುಗಳಿಗೆ ಉತ್ತರ ಇಲ್ಲಿವೆ.

ಬ್ಯಾಂಕಿನ ವಕೀಲರು ದಾಖಲೆ ಪರಿಶೀಲಿಸಿದರೆ ಸಾಲದೇ?

ಸಾಲದು. ಬ್ಯಾಂಕಿನ ಪ್ಯಾನೆಲ್ ವಕೀಲರು ವರದಿ ನೀಡುವುದು ಬ್ಯಾಂಕಿನ ಹಿತಕ್ಕಾಗಿ. ಕೊಟ್ಟ ಸಾಲಕ್ಕೆ ಭದ್ರತೆ ಇದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಖರೀದಿದಾರರು ತಮ್ಮದೇ ವಕೀಲರಿಂದ ಮೂಲಪತ್ರಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿಕೊಳ್ಳುವುದು ಕ್ಷೇಮಕರ.

ಖಾತೆ ಇದ್ದರೆ ಮಾಲೀಕತ್ವ ಸಿದ್ಧವಾದಂತೆಯೇ?

ಇಲ್ಲ. ಖಾತೆ ಎಂಬುದು ಆಸ್ತಿ ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆ ಇಡುವ ದಾಖಲೆ. 2024ರಿಂದ ರಾಜ್ಯದಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆಯಾದರೂ ಹಕ್ಕನ್ನು ನಿರ್ಧರಿಸುವುದು ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ಸರಪಣಿಯೇ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ನೋಡಿ, ಹಕ್ಕುಳ್ಳ ಎಲ್ಲರ ಸಹಿ ಪಡೆಯಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ‘ಮದುವೆಯಾಗಿ ಹೋದವರ ಸಹಿ ಬೇಕಿಲ್ಲ’ ಎಂಬ ಮಾತನ್ನು ನಂಬುವಂತಿಲ್ಲ.

ನಿವೇಶನದ ಮೂಲ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನೂ ನೋಡಬೇಕು. ಅಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಭೂಮಿ ಮರಳಿ ಕೊಡಿಸುವಂತೆ ಕೋರುವುದಕ್ಕೆ ಕಾಲಮಿತಿ ಇಲ್ಲವೆಂದು 2023ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತರಲಾಗಿದೆ.

ಇಸಿಯಲ್ಲಿ ಸಾಲ ಕಾಣದಿದ್ದರೆ ಆಸ್ತಿ ಋಣಮುಕ್ತವೇ?

ಹಾಗೆಂದು ಹೇಳಲಾಗದು. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಕಾಣುತ್ತವೆ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಪಡೆಯುವ ಸಾಲವು ನೋಂದಣಿಯಾಗದೆಯೂ ಅಡಮಾನವೇ ಆಗಬಲ್ಲದು. ಇಂಥ ಅಡಮಾನಗಳ ವಿವರಕ್ಕಾಗಿ 2011ರಿಂದ ಸೆರ್ಸಾಯ್ ಎಂಬ ಕೇಂದ್ರೀಯ ದಾಖಲಾತಿ ವ್ಯವಸ್ಥೆ ಇದ್ದು, ಶುಲ್ಕ ಪಾವತಿಸಿ ಸಾರ್ವಜನಿಕರೂ ಅದರಲ್ಲಿ ಹುಡುಕಬಹುದು. ಮಾರುವವರು ಮೂಲಪತ್ರ ತೋರಿಸದೆ ನಕಲು ಪ್ರತಿಯನ್ನಷ್ಟೇ ನೀಡಿದರೆ ಎಚ್ಚರ ಅಗತ್ಯ.

ಸಾಲ ಮಂಜೂರಾಗದಿದ್ದರೆ ಮುಂಗಡದ ಗತಿ ಏನು?

ಅದು ಕ್ರಯದ ಕರಾರಿನ ಷರತ್ತನ್ನು ಅವಲಂಬಿಸಿದೆ. ಸಾಲ ದೊರೆಯದಿದ್ದರೆ ಇಂತಿಷ್ಟು ದಿನಗಳಲ್ಲಿ ಮುಂಗಡ ಹಿಂದಿರುಗಿಸಬೇಕೆಂದು ಬರೆಸದಿದ್ದಲ್ಲಿ ಹಣ ಕೈತಪ್ಪುವ ಅಪಾಯವಿದೆ. ರೇರಾ ವ್ಯಾಪ್ತಿಯ ಯೋಜನೆಗಳಲ್ಲಿ ನೋಂದಾಯಿತ ಕರಾರು ಆಗುವ ಮುನ್ನ ಬಿಲ್ಡರ್‌ಗಳು ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಸ್ವಂತ ಹಣವೂ ಬೇಕಾಗುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷ ರೂ. ವರೆಗಿನ ಸಾಲ ಮನೆಯ ಮೌಲ್ಯದ ಶೇ 90ನ್ನು, 75 ಲಕ್ಷ ರೂ. ವರೆಗಿನದು ಶೇ 80ನ್ನು, ಅದಕ್ಕೂ ಮೇಲ್ಪಟ್ಟದ್ದು ಶೇ 75ನ್ನು ಮೀರುವಂತಿಲ್ಲ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಸೇರುವುದಿಲ್ಲ.

ಜಿಪಿಎ ಆಧಾರದ ಮೇಲೆ ಮನೆ ಕೊಳ್ಳಬಹುದೇ?

ಕರಾರು ಮತ್ತು ಜನರಲ್ ಪವರ್ ಆಫ್ ಅಟಾರ್ನಿಯಿಂದಷ್ಟೇ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪಿತ್ತಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ಕಂತು ತಪ್ಪಿದರೆ ಬ್ಯಾಂಕ್ ಕೂಡಲೇ ಮನೆ ವಶಪಡಿಸಿಕೊಳ್ಳಬಹುದೇ?

ಇಲ್ಲ. ಬಾಕಿ 90 ದಿನಗಳನ್ನು ಮೀರಿದರೆ ಸಾಲವನ್ನು ಅನುತ್ಪಾದಕ ಎಂದು ವರ್ಗೀಕರಿಸಲಾಗುತ್ತದೆ. ಬಳಿಕ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ಗಡುವಿನ ನೋಟಿಸ್ ನೀಡಬೇಕು. ಇದಕ್ಕೆ ಸಾಲಗಾರರು ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕ್ 15 ದಿನಗಳೊಳಗೆ ಉತ್ತರಿಸಬೇಕು. ಸ್ವಾಧೀನದ ಕ್ರಮ ಕೈಗೊಂಡಲ್ಲಿ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆ ಹೋಗಲು ಅವಕಾಶವಿದೆ. ನೋಟಿಸನ್ನು ಸ್ವೀಕರಿಸದೆ ಹಿಂದಿರುಗಿಸುವುದರಿಂದ ಪ್ರಯೋಜನವಿಲ್ಲ. ಉತ್ತರಿಸುವ ಅವಕಾಶವೇ ಕಳೆದುಹೋಗುತ್ತದೆ.

ಸಾಲಗಾರರು ಮೃತಪಟ್ಟರೆ?

ಸಾಲ ರದ್ದಾಗುವುದಿಲ್ಲ. ಸಹಸಾಲಗಾರರು ಮತ್ತು ಜಾಮೀನುದಾರರ ಹೊಣೆ ಮುಂದುವರಿಯುತ್ತದೆ. ವಾರಸುದಾರರ ಹೊಣೆ ತಮಗೆ ಬಂದ ಆಸ್ತಿಯ ಮಟ್ಟಿಗೆ ಸೀಮಿತ. ಆದರೆ ಅಡಮಾನದ ಮನೆಯ ಮೇಲೆ ಬ್ಯಾಂಕಿನ ಹಕ್ಕು ಉಳಿದೇ ಇರುತ್ತದೆ.

ಸಾಲ ತೀರಿದ ಮೇಲೆ ಮಾಡಬೇಕಾದುದೇನು?

ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ಆದೇಶದಂತೆ, ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಬ್ಯಾಂಕ್ ಮೂಲಪತ್ರಗಳನ್ನು ಮರಳಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ನೀಡಬೇಕು. ಸಾಲ ತೀರುವಳಿ ಪತ್ರ ಪಡೆಯುವುದರ ಜೊತೆಗೆ, ಅಡಮಾನ ನೋಂದಣಿಯಾಗಿದ್ದಲ್ಲಿ ಅದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬಿಡುಗಡೆ ಮಾಡಿಸಿ ಹೊಸ ಇಸಿ ತೆಗೆಸಿ ನೋಡಬೇಕು. ಇಲ್ಲವಾದಲ್ಲಿ ತೀರಿಸಿದ ಸಾಲವೂ ದಾಖಲೆಯಲ್ಲಿ ಉಳಿದು, ಮುಂದೆ ಮನೆ ಮಾರುವಾಗ ತೊಡಕಾಗುತ್ತದೆ.