ಬಂದಿರೋದು ಯಾರು?

ಮೊನ್ನೆ ಮೆಟ್ರೋದಲ್ಲಿ ಹುಡುಗನೊಬ್ಬ ‘ನಾವೆಲ್ಲ ಐಟಿ ಕೂಲಿಗಳು ಮಗಾ’ ಎಂದು ಫೋನಿನಲ್ಲಿ ನಗುತ್ತಿದ್ದ. ನನಗೆ ಕಿರಿಕಿರಿಯಾಯಿತು. ಕೂಲಿ ಎಂದರೆ ದುಡಿಮೆಗೆ ಕೊಡುವ ಕಾಸು ಇಲ್ಲವೇ ಕಾಳು, ದುಡಿಯುವವನು ಕೂಲಿಯಾಳು. ಸಾಹೇಬರು ಬಂದರೆ ‘ಸಂಬಳ ಬಂದರು, ಕುರ್ಚಿ ಹಾಕು’ ಎನ್ನುತ್ತೇವೆಯೇ?

ಸುಗ್ಗಿಯ ಒಂದು ಬೆಳಗ್ಗೆ ‘ಅಜ್ಜೀ, ಕೂಲಿ ಬಂದಿದಾನೆ’ ಎಂದು ಕೂಗಿದ್ದೆ. ‘ಬಂದಿರೋದು ಮನುಷ್ಯ ಕಣೋ, ಕೂಲಿ ಸಂಜೆಗೆ ಬರ್ತದೆ’ ಎಂದು ಅಜ್ಜಿ ಗದರಿದರು. ಸಂಜೆ ಸೇರಿನಲ್ಲಿ ರಾಗಿ ಅಳೆದು, ಮೇಲೊಂದು ಹಿಡಿ ಸುರಿಯುತ್ತಿದ್ದರು. ‘ಕೂಲಿನಾಲಿ’ಯ ‘ನಾಲಿ’ ಅಲ್ಲೇ ಹುಟ್ಟಿತೆಂಬುದು ನನ್ನ ಹಟ. ಧಾನ್ಯ ಅಳೆಯಲು ತಮಿಳರಲ್ಲಿ ‘ನಾಳಿ’ ಎಂಬ ಅಳತೆಯಿತ್ತು, ಅದೇ ಸವೆದಿರಬೇಕು. ಬರೀ ಜೋಡುನುಡಿ ಎನ್ನುವ ಪಂಡಿತರಿಗೆ ನನ್ನದೊಂದೇ ಪ್ರಶ್ನೆ: ಹಾಗಿದ್ದರೆ ‘ಕೂಲಿಗೀಲಿ’ ಆಗಬೇಕಿತ್ತಲ್ಲ?

ಅಜ್ಜಿಯಂಥವರು ಗದರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆರಿಬಿಯನ್ನಿನ ಟ್ರಿನಿಡಾಡ್ ಸಾಕ್ಷಿ. 1838ರಲ್ಲಿ ಅಲ್ಲಿನ ಗುಲಾಮರಿಗೆ ಪೂರ್ತಿ ಬಿಡುಗಡೆಯಾಯಿತು. ಕಬ್ಬಿನ ತೋಟಗಳಿಗೆ ಬೇರೆ ಆಳು ಬೇಕಾದರು. 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗು ಕಲ್ಕತ್ತದಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ತಂದಿಳಿಸಿತು. 1917ರೊಳಗೆ ಹೀಗೆ ಹೋದವರು ಸುಮಾರು 1.4 ಲಕ್ಷ, ಬಹುಪಾಲು ಭೋಜಪುರಿ ಸೀಮೆಯವರು, ಕೆಲವರು ಮದರಾಸಿನಿಂದ ಹಡಗು ಹತ್ತಿದವರು. ಕರಾರು ಐದು ವರ್ಷದ್ದು, ಹೆಸರು ಮಾತ್ರ ಕಾಯಮ್ಮು. ದೊರೆಗಳ ಬಾಯಲ್ಲಿ ಮನುಷ್ಯನೇ ಕೂಲಿಯಾದ. ಹೊಲ ಕೊಂಡರೂ ಅಂಗಡಿ ಇಟ್ಟರೂ ಮೊಮ್ಮಕ್ಕಳನ್ನೂ ಅದು ಬಿಡಲಿಲ್ಲ. ಅಲ್ಲಿ ಅದು ಈಗ ಬೈಗುಳ.

1962ರಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ಸ್ವತಂತ್ರವಾಯಿತು. ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲಿ ಸಾವಿರಾರು ಕೆಲಸಗಾರರನ್ನು ಮನೆಗೆ ಕಳಿಸಿತು. ದೇಶಕ್ಕೆ ಈಗ ಅನ್ನ ಹಾಕುತ್ತಿರುವುದು ತೈಲ ಮತ್ತು ಅನಿಲ. ಸುಮಾರು 14 ಲಕ್ಷ ಜನರಲ್ಲಿ ಭಾರತದ ಮೂಲದವರು, ಆಫ್ರಿಕಾ ಮೂಲದವರು ಹೆಚ್ಚುಕಡಿಮೆ ತಲಾ ಮೂರನೇ ಒಂದು ಪಾಲು. ಮೇ 30 ಸಾರ್ವಜನಿಕ ರಜೆ. ಕಬ್ಬಿನ ಕಾರ್ಮಿಕರ ಸಂಘವನ್ನು ಮುನ್ನಡೆಸಿದ ಬಾಸದೇವ್ ಪಾಂಡೆ 1995ರಲ್ಲಿ ಪ್ರಧಾನಿಯಾದರು. ಕೂಲಿ ಎನ್ನಿಸಿಕೊಂಡವರಿಗೆ ಕೂಲಿ ಕೇಳಿದ ಮನುಷ್ಯ!

ಆ ಜನ ತಮ್ಮತಮ್ಮಲ್ಲಿ ಕರೆದುಕೊಂಡದ್ದು ‘ಜಹಾಜಿ ಭಾಯಿ’ ಎಂದು. ಒಂದೇ ಹಡಗಿನಲ್ಲಿ ಬಂದವರೆಲ್ಲ ಅಣ್ಣತಮ್ಮಂದಿರು. ಮೆಟ್ರೋದ ಹುಡುಗನ ‘ಮಗಾ’ ಕೂಡ ನನಗೆ ಆಗಿಬರದ ಮಾತೇ. ಆದರೆ ಅದನ್ನು ಈ ಸಲ ಮಾಫಿ ಮಾಡಿದ್ದೇನೆ.