ಸೊನ್ನಲಿಗೆಯ ಕೆರೆ, ಕೋಟೆ ಮತ್ತು ನಡಿಗೆಯ ದಾರಿ

ಸೊಲ್ಲಾಪುರದ ಹಳೆಯ ಭಾಗದಲ್ಲಿ ನಡೆದಾಡುವವರಿಗೆ ಅಲ್ಲಿನ ಕನ್ನಡ ಮೊದಲ ನೋಟಕ್ಕೆ ಕಾಣಿಸದು. ಅಂಗಡಿ, ಕಚೇರಿಗಳ ಫಲಕಗಳಲ್ಲಿ ಮರಾಠಿಯೇ ಪ್ರಧಾನ. ಆದರೆ ಕೆರೆ, ಕೋಟೆ, ಕಟ್ಟೆಗಳ ಜಾಡು ಹಿಡಿದು ಹೊರಟರೆ ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ರೂಪರೇಖೆ ಇಂದಿಗೂ ಸಿಗುತ್ತದೆ.

ಆ ರೂಪರೇಖೆಯ ನಡುವಿರುವುದು ಸಿದ್ಧೇಶ್ವರ ಕೆರೆ. ಕಪಿಲಸಿದ್ಧಮಲ್ಲಿಕಾರ್ಜುನ ಅಂಕಿತದ ವಚನಕಾರ ಸಿದ್ಧರಾಮನು ಕೆರೆ ಕಟ್ಟಿಸುವುದನ್ನೇ ಶಿವಪೂಜೆಯೆಂದು ಬಗೆದವನು. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ನಾಯಕನೂ ಆತನೇ. ನೀರಿನ ನಡುವಣ ದೇವಾಲಯದಿಂದ ಪಶ್ಚಿಮಕ್ಕೆ ನೋಡಿದರೆ ಭುಯಿಕೋಟೆಯ ಗೋಡೆಗಳು ಎದುರಾಗುತ್ತವೆ. ಕೋಟೆಯ ಮೂರು ಬದಿಗೆ ಕಂದಕ, ನಾಲ್ಕನೆಯ ಬದಿಗೆ ಕೆರೆಯೇ ಕಾವಲು. ಜನೋಪಯೋಗಕ್ಕಾಗಿ ರೂಪುಗೊಂಡ ಜಲಾಶಯ ಹೀಗೆ ಮುಂದೆ ಅರಸರ ರಕ್ಷಣೆಗೂ ಒದಗಿತು. ಬಹಮನಿ ಕಾಲದ ಈ ಕೋಟೆಗಾಗಿ ಅಹಮದನಗರ, ಬಿಜಾಪುರಗಳು ಸೆಣಸಿದವು. ಚಾಂದಬೀಬಿಯ ವಿವಾಹದಲ್ಲಿ ಅದು ಬಳುವಳಿಯಾಗಿ ಕೈ ಬದಲಿಸಿತು. 1818ರಲ್ಲಿ ಪೇಶ್ವೆಯ ಸೇನೆಯಿಂದ ಇಂಗ್ಲಿಷರ ವಶವಾಯಿತು. ಇಂದು ಕೋಟೆಯ ಆವರಣದಲ್ಲಿ ಉದ್ಯಾನದ ನೆರಳಿದೆ.

ಕೋಟೆಯಿಂದ ಪೇಟೆಯ ಕಡೆಗೆ ಬಂದರೆ ನಾಲ್ವರು ಹುತಾತ್ಮರ ಪ್ರತಿಮೆಗಳಿವೆ. 1930ರ ಮೇ ತಿಂಗಳಲ್ಲಿ ಊರಿಗೆ ಸೈನಿಕ ಕಾನೂನು ಹೇರಲಾಯಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಇವರನ್ನು 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹಲವು ಸಮುದಾಯಗಳ ಗಿರಣಿ ನಗರದ ಸ್ವರೂಪ ಈ ನಾಲ್ಕು ಹೆಸರುಗಳಲ್ಲೇ ವ್ಯಕ್ತವಾಗಿದೆ.

ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಇದೇ ಊರು ಇನ್ನೊಂದು ಬಗೆಯಲ್ಲಿ ನಡೆಯುತ್ತದೆ. ಸಿದ್ಧರಾಮನನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಆತನ ಯೋಗದಂಡದೊಡನೆ ವಿವಾಹವಾಯಿತೆಂಬ ಐತಿಹ್ಯದ ಸ್ಮರಣೆಯಾಗಿ, ಏಳು ನಂದಿಧ್ವಜಗಳು ಹಿರೇಹಬ್ಬು ವಾಡೆಯಿಂದ ಹೊರಡುತ್ತವೆ. ಮೊದಲ ದಿನ ಊರ ಸುತ್ತಣ ಅರವತ್ತೆಂಟು ಲಿಂಗಗಳಿಗೆ ತೈಲಾಭಿಷೇಕ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತಾರೋಪಣ. ‘ಹಿರೇಹಬ್ಬು’ ಎಂಬ ಮನೆತನದ ಹೆಸರೂ ‘ಕಟ್ಟೆ’ ಎಂಬ ಪದವೂ ಮರಾಠಿ ಮಾತಿನ ನಡುವೆ ಉಳಿದುಬಂದ ಕನ್ನಡ.

ಗಡಿನಾಡಿನ ಕನ್ನಡವನ್ನು ಶಾಸನ ಮತ್ತು ಜನಗಣತಿಗಳಿಂದ ಮಾತ್ರ ಅಳೆಯುವ ರೂಢಿಗೆ ಸೊಲ್ಲಾಪುರದ ಈ ದಾರಿ ಸವಾಲೆಸೆಯುತ್ತದೆ. ಶಾಸನ ಶಿಲೆಯನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಬಹುದು; ಅರವತ್ತೆಂಟು ಲಿಂಗಗಳ ಸುತ್ತಣ ದಾರಿಯನ್ನು ಸಾಗಿಸಲಾಗದು. ರಸ್ತೆ ಅಗಲವಾಗಿ, ಬಡಾವಣೆ ಬೆಳೆದು, ಒಂದೊಂದು ಗುಡಿ ಕಟ್ಟಡಗಳ ಮರೆಗೆ ಸರಿದಂತೆ ಆ ದಾರಿಯ ನಕ್ಷೆಯೂ ಮಸುಕಾಗುತ್ತದೆ. ಅದನ್ನು ಎರಡೂ ಭಾಷೆಗಳಲ್ಲಿ ದಾಖಲಿಸುವುದು ಕನ್ನಡ ಮತ್ತು ಮರಾಠಿ ವಿದ್ವಾಂಸರ ಸಮಾನ ಹೊಣೆ. ಏಕೆಂದರೆ ಆ ದಾರಿಯಲ್ಲಿ ಹೆಜ್ಜೆ ಹಾಕುವವರು ಎರಡೂ ಭಾಷೆಯವರು.